ಮಾವ ಅಂದರೆ ಯಾವ ಮಾವ?

‘ನಿಮ್ಮ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದಾಗಿತ್ತು ಮೇಡಂ?’ ಅಂತ ಈಗಿನ ವಿದ್ಯಾರ್ಥಿಗಳು ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಯಂತ್ರ, ಅನುದಾನ, ವಿದೇಶದ ಪತ್ರಿಕೆಗಳು ಇರುತ್ತವೆ. ನಾನು ‘ಮಾವ’ ಅನ್ನುತ್ತೇನೆ. ನಗುತ್ತಾರೆ. ನಗಲಿ ಬಿಡಿ, ಅವರೇನು ಕೂಡ್ಲಿಗಿಯಿಂದ ಹರಪನಹಳ್ಳಿಯ ತನಕ ಕಂಡವರ ಮನೆ ಕಟ್ಟೆಯ ಮೇಲೆ ಕೂತು, ‘ನಿಮ್ಮಪ್ಪ ಯಾರು, ಅವರಪ್ಪ ಯಾರು’ ಅಂತ ಕೇಳಿ ಬೈಸಿಕೊಂಡವರೇ?

ನನ್ನ ಕೆಲಸ ಕಣ್ಣಿನ ಹಿಂಭಾಗದ ಪರದೆಯದು. ರೆಟಿನಾ ಅಂತ ಕರೆಯುವ ಆ ತೆಳು ಪೊರೆ ಕೆಲವು ಮನೆತನಗಳಲ್ಲಿ ವಯಸ್ಸಾಗುವ ಮೊದಲೇ ಸವೆದುಹೋಗುತ್ತದೆ. ಮೊದಲು ಸಂಜೆಯ ನೋಟ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ಕೊಳವೆಯೊಳಗಿಂದ ನೋಡಿದಷ್ಟು ಉಳಿದು ಅದೂ ಹೋಗುತ್ತದೆ. ನಮ್ಮ ಕಡೆ ಇದಕ್ಕೆ ಇರುಳುಗಣ್ಣು ಅನ್ನುತ್ತಾರೆ. ನಾನು ಹುಟ್ಟಿ ಬೆಳೆದ ಕೂಡ್ಲಿಗಿಯ ಓಣಿಯಲ್ಲೇ ಹೊತ್ತು ಮುಳುಗಿದರೆ ಗೋಡೆ ಸವರಿಕೊಂಡು ನಡೆಯುವವರ ಮನೆಯೊಂದಿತ್ತು. ‘ಗಜ್ಜರಿ ತಿನ್ಸ್ರಿ, ಮೀನೆಣ್ಣಿ ಕುಡಿಸ್ರಿ’ ಅಂತ ಬಂದವರೆಲ್ಲ ಹೇಳಿಹೋಗುತ್ತಿದ್ದರು. ಪಾಪ, ತಿಂದರು, ಕುಡಿದರು, ಕಣ್ಣು ಮಾತ್ರ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಓದು ಮುಗಿಸಿ, ದೂರದ ದೊಡ್ಡ ಊರಿನ ಸಂಶೋಧನಾಲಯ ಸೇರಿ, ರಕ್ತ ಕೇಳಿಕೊಂಡು ಮತ್ತೆ ನಮ್ಮ ಊರುಗಳಿಗೇ ಬಂದೆ.

ರಕ್ತ ತೆಗೆಯುವ ಮೊದಲು ವಂಶವೃಕ್ಷ ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು ಬಣ್ಣ. ಗಂಡ ಹೆಂಡತಿಯ ನಡುವೆ ಒಂದು ಗೆರೆ, ಸಂಬಂಧದೊಳಗೇ ಮದುವೆಯಾಗಿದ್ದರೆ ಜೋಡಿ ಗೆರೆ. ನಮ್ಮ ಕಡೆಯ ಹಾಳೆಗಳಲ್ಲಿ ಒಂಟಿ ಗೆರೆಯನ್ನೇ ಹುಡುಕಬೇಕಿತ್ತು.

ಮೊದಮೊದಲ ಒಂದು ತಿರುಗಾಟದಲ್ಲಿ ಬೇರೆ ರಾಜ್ಯದ ಸಹೋದ್ಯೋಗಿಯೊಬ್ಬ ಜೊತೆಗೆ ಬಂದಿದ್ದ. ಗುಡೇಕೋಟೆಯಲ್ಲಿ ಒಬ್ಬ ಹೆಂಗಸಿನ ಎದುರು ಕೂತಿದ್ದೆವು. ನಾನು ಕೇಳುವುದು, ಅವಳು ಹೇಳುವುದು, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವುದು, ಅವನು ಬರೆಯುವುದು. ನಿಮ್ಮ ತಾಯಿಯ ಕಡೆ ಯಾರಿಗೆ ಇರುಳು ಕಾಣುತ್ತಿರಲಿಲ್ಲ ಅಂತ ಕೇಳಿದೆ. ‘ನಮ್ಮ ಮಾವಗ’ ಅಂದಳು. ಅವನು ಒಂದು ಕಪ್ಪು ಚೌಕ ಬರೆದ. ನಿಮ್ಮ ಗಂಡನ ಕಡೆ? ‘ನಮ್ಮ ಮಾವಗ.’ ಇನ್ನೊಂದು ಚೌಕ. ನಿಮ್ಮ ಅಪ್ಪನ ತಂಗಿಯ ಮನೆಯಲ್ಲಿ? ‘ಆಕಿ ಗಂಡಗ ಐತ್ರಿ, ನಮ್ಮ ಮಾವಗ.’ ಮೂರನೆಯ ಚೌಕಕ್ಕೆ ಕಪ್ಪು ತುಂಬುವಾಗ ನನ್ನ ಸಹೋದ್ಯೋಗಿಯ ಮುಖ ಅರಳಿತ್ತು. ಒಂದೇ ಮನೆತನದಲ್ಲಿ ಮೂವರು ರೋಗಿಗಳು! ಮೂವರೂ ಎಲ್ಲಿದ್ದಾರೆ, ರಕ್ತ ಕೊಡುತ್ತಾರಾ ಕೇಳು ಅಂದ. ಕೇಳಿದೆ. ಆ ಹೆಂಗಸು ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಮುದುಕನ ಕಡೆ ಕೈ ತೋರಿಸಿ, ‘ಆ ಮೂರೂ ಮಂದಿ ಅಲ್ಲೇ ಕುಂತಾನ ನೋಡ್ರಿ’ ಅಂದಳು.

ಖರೆ ಮಾತು. ಅವಳ ಅವ್ವನ ತಮ್ಮ ಅವನೇ, ಅಪ್ಪನ ತಂಗಿಯ ಗಂಡ ಅವನೇ. ಅವನ ಮಗನನ್ನೇ ಇವಳು ಮದುವೆಯಾಗಿದ್ದರಿಂದ ಗಂಡನ ಅಪ್ಪನೂ ಅವನೇ. ನನ್ನ ಸಹೋದ್ಯೋಗಿ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ಹರಿದುಹೋಯಿತು. ಅಲ್ಲಿಂದ ಮುಂದೆ ಯಾರು ಮಾವ ಅಂದರೂ ನಾನು, ‘ಯಾವ ಮಾವ? ಹುಟ್ಟಿನಿಂದ ಬಂದ ಮಾವನೋ, ಮದುವೆಯಿಂದ ಬಂದ ಮಾವನೋ?’ ಅಂತ ಕೇಳುವುದನ್ನು ರೂಢಿ ಮಾಡಿಕೊಂಡೆ. ‘ಏನ್ರೀ ಇದು, ಮಾವ ಅಂದ್ರ ಮಾವನ’ ಅಂತ ಜನ ನನ್ನನ್ನೇ ಗದರುತ್ತಿದ್ದರು.

ಈಗ ಕೊರಿಯರ್ ಇದೆ, ಕೂತಲ್ಲೇ ಎಲ್ಲ ಆಗುತ್ತದೆ. ಆಗ ಥರ್ಮೋಕೋಲ್ ಡಬ್ಬಿಯೇ ನನ್ನ ಸಂಸಾರ. ಹಗರಿಬೊಮ್ಮನಹಳ್ಳಿಯ ಸೋಡಾ ಅಂಗಡಿಯಲ್ಲಿ ಐಸ್ ತುಂಬಿಸಿಕೊಂಡು, ತಂಬ್ರಹಳ್ಳಿಗೆ ಹೋಗಿ ರಕ್ತ ತೆಗೆದು, ಸಿಕ್ಕಿದ ಬಸ್ಸು ಹತ್ತಿ ಕೊಟ್ಟೂರಿಗೆ ಬಂದು, ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದರೆ ಅದೇ ಊಟ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಡಬ್ಬಿಯ ಮೇಲೆ ಕೈಯಿಟ್ಟು, ‘ತಣ್ಣಗೈತಲ್ಲ, ಐಸ್ ಕ್ಯಾಂಡಿ ಏನ್ರಿ?’ ಅಂದಳು. ನನಗೂ ಬಿಸಿಲಿಗೆ ತಲೆ ಕೆಟ್ಟಿತ್ತು, ‘ಅಲ್ಲ, ರಕ್ತ’ ಅಂದುಬಿಟ್ಟೆ. ಸೆರಗು ಎಳೆದುಕೊಂಡು ಎದ್ದು ಹೋದವಳು ಹರಪನಹಳ್ಳಿ ಬರುವ ತನಕ ಡ್ರೈವರನ ಹಿಂದೆ ನಿಂತೇ ಇದ್ದಳು. ನಾನು ಆರಾಮಾಗಿ ಕಿಟಕಿ ಪಕ್ಕ ಸರಿದು ಕೂತೆ.

ಇಷ್ಟು ಮನೆಗಳಲ್ಲಿ ನನ್ನ ಜೀವಕ್ಕೆ ಅಂಟಿಕೊಂಡದ್ದು ಹಡಗಲಿ ಸಮೀಪದ ಒಂದು ಹಳ್ಳಿಯ ಮನೆ. ಮನೆಯ ಹಿಂದೆ ಮಲ್ಲಿಗೆ ತೋಟ. ಮನೆಯ ಯಜಮಾನಿ ಒಬ್ಬ ಅಜ್ಜಿ. ನಾನು ಮೊದಲ ಸಲ ಹೋದಾಗಲೇ ಅವರಿಗೆ ಹಗಲಿನಲ್ಲೂ ಎದುರಿನ ಮುಖ ಅರ್ಧವಷ್ಟೇ ಕಾಣುತ್ತಿತ್ತು. ತೀರಿಹೋದ ಅವರ ತಮ್ಮನಿಗೂ ಇದೇ ಕಾಯಿಲೆ. ಅಜ್ಜಿ ಮದುವೆಯಾದದ್ದು ತಮ್ಮ ಸ್ವಂತ ಸೋದರಮಾವನನ್ನು, ಆತನೂ ಹೋಗಿ ಬಹಳ ದಿನವಾಗಿತ್ತು. ಮಕ್ಕಳು ಇಬ್ಬರು. ಹಿರಿಯವಳು ಗಂಡನನ್ನು ಕಳೆದುಕೊಂಡು ಪುಟ್ಟ ಮಗಳ ಜೊತೆ ತವರಿಗೇ ಬಂದಿದ್ದಳು. ಕಿರಿಯವನು ಆಗಿನ್ನೂ ಕಾಲೇಜಿನ ಹುಡುಗ, ಅಕ್ಕನ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೆಲ್ಲ ತಿರುಗಿಸುತ್ತಿದ್ದ. ಇಬ್ಬರು ಮಕ್ಕಳಿಗೂ ಕಣ್ಣು ಚೆನ್ನಾಗಿದ್ದವು.

‘ಡಾಕ್ಟರವ್ವ ಬಂದ್ಲೇನು?’ ಅಂತ ಅಜ್ಜಿ ನನ್ನ ಚಪ್ಪಲಿಯ ಸದ್ದಿಗೇ ಕೇಳುತ್ತಿದ್ದರು. ನಾನು ನೆಗಡಿಗೂ ಗುಳಿಗೆ ಬರೆದುಕೊಡಲಾಗದ ಡಾಕ್ಟರು ಅಂತ ಎಷ್ಟು ಸಲ ಹೇಳಿದರೂ ಅಷ್ಟೇ. ‘ಕುಂದ್ರು. ನನ್ನ ರಕ್ತ ಕುಡ್ಯಾಕ ಹತ್ತಿ ಇಷ್ಟ್ ವರ್ಷ ಆತು, ಇನ್ನೂ ದಾಹ ತೀರವಲ್ದೇನು?’

ತೀರಿರಲಿಲ್ಲ. ಆಗಿನ ಯಂತ್ರಗಳು ಜೀನಿನ ಒಂದೊಂದು ತುಣುಕನ್ನು ಮಾತ್ರ ಓದುತ್ತಿದ್ದವು. ಗೊತ್ತಿರುವ ಜೀನುಗಳನ್ನೆಲ್ಲ ಒಂದೊಂದಾಗಿ ಜಾಲಾಡಿದೆವು, ಅಜ್ಜಿಯ ದೋಷ ಯಾವುದರಲ್ಲೂ ಸಿಗಲಿಲ್ಲ. ನಾನು ಆ ಕಡೆ ಬಂದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ರೊಟ್ಟಿ, ಶೇಂಗಾ ಚಟ್ನಿ ತಿಂದು, ಬರುವಾಗ ಅಜ್ಜಿ ಬೆರಳಲ್ಲೇ ತಡವಿ ಕಟ್ಟಿದ ಮಲ್ಲಿಗೆ ಮಾಲೆ ಮುಡಿದುಕೊಂಡು ಬರುತ್ತಿದ್ದೆ. ನೋಡನೋಡುತ್ತ ಅಜ್ಜಿಯ ಕಣ್ಣು ಪೂರ್ತಿ ಹೋದವು. ಕಿರಿಯ ಮಗ ಬಸ್ ಕಂಡಕ್ಟರ್ ಆದ. ಸೈಕಲ್ಲಿನ ಮುಂದೆ ಕೂರುತ್ತಿದ್ದ ಕೂಸು ಕೊಟ್ಟೂರಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿಯಾದಳು. ಹುಡುಗಿ ಅಂದರೆ ಎಷ್ಟು ಮೆತ್ತಗಿನ ಹುಡುಗಿ! ನೀರು ಬೇಕಾ ಅಂತ ಕೇಳಿದರೂ ಎರಡು ಸಲ ಕೇಳಿಸಿಕೊಳ್ಳಬೇಕು.

ಆಮೇಲೆ ಹೊಸ ಯಂತ್ರಗಳು ಬಂದವು. ಎಲ್ಲ ಜೀನುಗಳನ್ನೂ ಒಟ್ಟಿಗೆ ಓದುವುದು ಸಾಧ್ಯವಾಯಿತು. ಒಂದು ಮಧ್ಯಾಹ್ನ, ಕಂಪ್ಯೂಟರಿನ ಮುಂದೆ ಕೂತಿದ್ದಾಗ, ಅಜ್ಜಿಯ ದೋಷ ಸಿಕ್ಕೇಬಿಟ್ಟಿತು. ನಾನು ಕುರ್ಚಿಯಿಂದೆದ್ದು ಕುಣಿದದ್ದು ನಮ್ಮ ಪ್ರಯೋಗಾಲಯದಲ್ಲಿ ಇನ್ನೂ ತಮಾಷೆಯ ಮಾತು. ಮುಂದಿನ ವಾರವೇ ಹಡಗಲಿಗೆ ಓಡಿದೆ.

‘ಸಿಕ್ಕೈತಿ ಅಜ್ಜಿ!’

‘ಹೌದೇನ? ಹಂಗಾರ ಕಣ್ಣ ಬರ್ತಾವೇನು?’

‘ಇಲ್ಲಜ್ಜಿ. ಸದ್ಯಕ್ಕ ಇದಕ್ಕ ಔಷಧಿ ಇಲ್ಲ.’

‘ಮತ್ತ ಸಿಕ್ಕಿದ್ದೇನು?’

‘ಹೆಸರು.’

ಅಜ್ಜಿ ನನ್ನ ಕೈ ತಡವಿ ಹಿಡಿದು, ‘ಇರ್ಲಿ ಬಿಡು, ನಿನಗಾದ್ರೂ ಸಂತೋಷ ಆತಲ್ಲ’ ಅಂದರು. ನನಗೆ ಅಳು ಬಂತು. ಕುಣಿದದ್ದಕ್ಕೆ ನಾಚಿಕೆಯಾಯಿತು ಅಂತಲ್ಲ, ಅಷ್ಟು ವರ್ಷ ರಕ್ತ ಕೊಟ್ಟವರ ಕೈಗೆ ಇಷ್ಟೇ ಇಟ್ಟೆನಲ್ಲ ಅಂತ ಸಂಕಟವಾಯಿತು.

ಹೆಸರಿನಿಂದ ಏನು ಉಪಯೋಗ ಅಂತ ಕಂಡಕ್ಟರ್ ಮಗ ಕೇಳಿದ. ವಿವರಿಸಿದೆ. ಪ್ರತಿಯೊಬ್ಬರಿಗೂ ಈ ಜೀನಿನ ಎರಡು ಪ್ರತಿ, ಅವ್ವನದೊಂದು ಅಪ್ಪನದೊಂದು, ಮನೆಗೆ ಎರಡು ಬೀಗದಕೈ ಇದ್ದ ಹಾಗೆ. ಒಂದು ಕೆಟ್ಟರೂ ಬಾಗಿಲು ತೆರೆಯುತ್ತದೆ, ಎರಡೂ ಕೆಟ್ಟರೆ ಮಾತ್ರ ಕಣ್ಣು ಹೋಗುತ್ತದೆ. ಅಜ್ಜಿಯ ಎರಡೂ ಕೆಟ್ಟಿವೆ. ಆದ್ದರಿಂದ ಅಜ್ಜಿಯ ಮಗನಿಗೂ ಮಗಳಿಗೂ ಕೆಟ್ಟದ್ದೊಂದು ಬಂದೇ ಬಂದಿದೆ, ಪರೀಕ್ಷೆಯೇ ಬೇಕಿಲ್ಲ. ಅವರ ಕಣ್ಣಿಗೆ ಅದರಿಂದ ಏನೂ ಆಗುವುದಿಲ್ಲ. ಮೊಮ್ಮಗಳಿಗೆ ಬಂದಿರಬಹುದು, ಬರದೆಯೂ ಇರಬಹುದು. ಅದನ್ನು ಈಗ ನೋಡಿ ಹೇಳಬಹುದು. ಒಂದೊಂದು ಕೆಟ್ಟದ್ದು ಇರುವ ಇಬ್ಬರು ಮದುವೆಯಾದರೆ ಹುಟ್ಟುವ ಕೂಸಿಗೆ ಎರಡೂ ಕೆಟ್ಟದ್ದೇ ಬರುವ ಭಯವಿದೆ.

ಅಜ್ಜಿ ನೆಟ್ಟಗೆ ಕೂತರು. ‘ಹಂಗಾರ ಅದನ್ನ ನೋಡವ್ವ. ನಮ್ಮ ಹುಡುಗೀನ ಆಕಿ ಮಾವಗ ಮಾಡಬೇಕಂತ ಮಾಡೀನಿ.’

ನಮ್ಮ ಕಡೆ ಇದು ಹೊಸ ಮಾತೇನಲ್ಲ. ಅಕ್ಕನ ಮಗಳು ತಮ್ಮನಿಗೆ ಅಂತ ತೊಟ್ಟಿಲಲ್ಲೇ ಮಾತಾಗುವುದುಂಟು. ಆದರೆ ಅಜ್ಜಿಗೆ ಬೇರೆ ಕಾರಣವಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ‘ಹೊರಗಿನ ಹುಡುಗಿ ಬಂದ್ರ ಈ ಕುರುಡು ಮುದುಕೀನ ಬಚ್ಚಲಕ್ಕ ಕೈಹಿಡದು ಕರಕೊಂಡು ಹೋಗ್ತಾಳೇನು? ನಮ್ಮ ಕೂಸಾದ್ರ ನಮ್ಮ ಕೂಸು. ನೀ ನೋಡಿ ಹೇಳು. ರಕ್ತದಾಗ ಕೆಟ್ಟದ್ದೈತಿ ಅಂದ್ರ ಬಿಟ್ಟುಬಿಡ್ತೀನಿ, ನನ್ನಂಥ ಕಣ್ಣು ಇನ್ನೊಂದು ಕೂಸಿಗೆ ಬ್ಯಾಡ. ಇಲ್ಲಂದ್ರ ಬರೋ ಬ್ಯಾಸಿಗ್ಯಾಗ ಅಕ್ಕಿಕಾಳು ಹಾಕಿ ಲಗ್ನ ಮಾಡೋದು.’

ಮಗ ತಲೆ ತಗ್ಗಿಸಿ ಕೂತಿದ್ದ. ಹುಡುಗಿಯ ಅವ್ವ, ‘ಅವ್ವ ಹೇಳಿದಂಗ’ ಅಂದಳು. ಹುಡುಗಿ ಬಂದು ತೋಳು ಚಾಚಿದಳು. ರಕ್ತ ತೆಗೆದೆ.

ಹಡಗಲಿ ಬಸ್ ನಿಲ್ದಾಣದ ತನಕ ನನ್ನ ಡಬ್ಬಿ ಹಿಡಿದುಕೊಂಡು ಅವಳೇ ಬಂದಳು. ಬಸ್ಸು ಇನ್ನೂ ಬಂದಿರಲಿಲ್ಲ. ‘ಅಕ್ಕಾರ’ ಅಂದಳು. ನನಗೆ ಮೊದಲು ಕೇಳಿಸಲೇ ಇಲ್ಲ. ‘ಅಕ್ಕಾರ, ಕೆಟ್ಟದ್ದೈತಿ ಅಂತ ಬರ್ಲಿ ಅಂತ ದೇವರಿಗೆ ಬೇಡ್ಕೊಂಡೀನ್ರಿ.’

‘ಹುಚ್ಚಿ ಅದೀ ಏನು? ಯಾರಾದ್ರೂ ಹಂಗ ಬೇಡ್ಕೋತಾರಾ?’

‘ಮಾವ ಕೆಟ್ಟಾವ ಅಲ್ರಿ. ಭಾಳ ಒಳ್ಳ್ಯಾವ. ನನ್ನ ಮೂಗು ಒರಸ್ಯಾನ, ಸಾಲಿಗೆ ಹೊತ್ಕೊಂಡು ಹೋಗ್ಯಾನ. ನಮ್ಮಪ್ಪನ್ನ ನಾ ನೋಡಿಲ್ಲ, ನನಗ ಅಪ್ಪ ಅಂದ್ರ ಅವನ. ಮಾವ, ಮಾವ ಅಂತ ಬಾಯಿತುಂಬ ಕರ್ದೀನಿ. ಆ ಮಾವ ಬ್ಯಾರೆ, ಈ ಮಾವ ಬ್ಯಾರೆ ಅಲ್ಲೇನ್ರಿ? ಅವನ್ನ ಗಂಡ ಅಂತ ನನ್ನ ಕೈಲೆ ನೋಡಾಕ ಆಗಂಗಿಲ್ಲ.’

ಯಾವ ಮಾವ ಅಂತ ಊರೂರು ತಿರುಗಿ ಕೇಳಿದವಳು ನಾನು. ಈ ಒಂದು ಮನೆಯಲ್ಲಿ ಮಾತ್ರ ಕೇಳಿರಲಿಲ್ಲ.

‘ಮನ್ಯಾಗ ಹೇಳು.’

‘ಹೇಳಿದ್ರ ಅಜ್ಜಿ ಏನಂತಾಳ? ಕಣ್ಣಿಲ್ಲದಾಕಿನ ನೋಡ್ಕೊಳ್ಳಾಕ ಬ್ಯಾಡಾಗೇತಿ ಇವಳಿಗೆ ಅಂತಾಳ. ನಾನೂ ಅವ್ವನೂ ಆಕಿ ಮನ್ಯಾಗ ಉಂಡು ಬೆಳದವ್ರು. ನಿಮ್ಮ ಬಾಯಿಲೆ ಬಂದ್ರ ಯಾರೂ ಸಿಟ್ಟಾಗಂಗಿಲ್ಲ. ಐತಿ ಅಂದುಬಿಡ್ರಿ.’

‘ಐತಿ ಅಂದ್ರ ನಾಳೆ ಬ್ಯಾರೆ ಕಡೆ ಹುಡುಗ ನೋಡುವಾಗ ಊರೆಲ್ಲ ಅದನ್ನ ಆಡ್ಕೊಂತೈತಿ, ಗೊತ್ತೇನು?’

‘ಆಡ್ಕೊಳ್ಳಿ.’

ಬಸ್ಸು ಬಂತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವತ್ತು ಅದು ಭಾರವಾಗಿತ್ತು. ಕೆಟ್ಟ ಪ್ರತಿ ಇರಲಿ ಅಂತ ನಾನೂ ಬೇಡಿಕೊಂಡೆನಾ? ಹೌದು, ಬೇಡಿಕೊಂಡೆ. ಹುಚ್ಚು ಅವಳೊಬ್ಬಳದೇ ಅಲ್ಲ.

ಫಲಿತಾಂಶ ಬಂತು. ಅವಳಲ್ಲಿ ಕೆಟ್ಟ ಪ್ರತಿ ಇರಲಿಲ್ಲ. ನಂಬದೆ ಮತ್ತೊಮ್ಮೆ ಮಾಡಿಸಿದೆ. ಇರಲಿಲ್ಲ. ಆ ಮದುವೆಗೆ ಕಣ್ಣಿನ ಕಡೆಯಿಂದ ಯಾವ ಅಡ್ಡಿಯೂ ಇರಲಿಲ್ಲ. ಇದೇ ಮಾತನ್ನು ಬೇರೆ ಯಾವ ಮನೆಗಾದರೂ ಒಯ್ದಿದ್ದರೆ ಬಾಯಿಗೆ ಸಕ್ಕರೆ ಹಾಕುತ್ತಿದ್ದರು. ನನಗೋ ಊಟ ಸೇರಲಿಲ್ಲ. ಒಂದು ಸುಳ್ಳು ಹೇಳಿದರೆ ನಾನು ತಿರುಗಾಡಿದ ತಾಲ್ಲೂಕುಗಳಲ್ಲಿ ನನ್ನನ್ನು ಪ್ರಶ್ನಿಸುವವರು ಒಬ್ಬರೂ ಇಲ್ಲ. ಅದೇ ಕಾರಣಕ್ಕೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಷ್ಟು ವರ್ಷ ಜನರ ಕಟ್ಟೆಯ ಮೇಲೆ ಕೂತು ನಾನು ಗಳಿಸಿದ್ದು ಆ ನಂಬಿಕೆಯೊಂದನ್ನೇ.

ಅಜ್ಜಿಯ ಮನೆಗೆ ಹೋದಾಗ ಎಲ್ಲರೂ ಕಾದಿದ್ದರು. ಮಗ ಡ್ಯೂಟಿ ಬಿಟ್ಟು ಖಾಕಿಯಲ್ಲೇ ಬಂದಿದ್ದ. ‘ರಕ್ತ ಯಾರದೋ, ಸುದ್ದಿ ಮೊದಲು ಅವರಿಗೆ, ನಮ್ಮ ಕೆಲಸದ ಕಟ್ಟಳೆ ಅದು’ ಅಂತ ಹೇಳಿ ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಹೇಳಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

‘ಇನ್ನೊಮ್ಮೆ ನೋಡಿದ್ರ?’

‘ಎರಡು ಸಲ ನೋಡೀನವ್ವ.’

‘ಹಂಗಾರ ಸುಳ್ಳು ಹೇಳ್ರಿ.’

‘ನಾ ಹೇಳಂಗಿಲ್ಲ,’ ಅಂದೆ. ‘ಆದ್ರ ಕೇಳು. ಒಳಗ ಹೋಗಿ ನಾ ಬಾಯೂ ಬಿಡಂಗಿಲ್ಲ. ರಕ್ತ ನಿಂದು, ಮಾತೂ ನಿಂದು. ನೀ ಏನ್ ಹೇಳಿದ್ರೂ ನಾ ಸುಮ್ನೆ ಕುಂತಿರ್ತೀನಿ.’

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಐತಿ ಅಂತ ಅವಳೇ ಅಂದರೂ ನಡೆಯುತ್ತದೆ ಅನ್ನುವುದು ಅವಳಿಗೆ ಅರ್ಥವಾಯಿತು. ಮುಖಕ್ಕೆ ನೀರು ಚಿಮುಕಿಸಿಕೊಂಡು ನನ್ನ ಮುಂದೆಯೇ ಒಳಗೆ ನಡೆದಳು.

ಅಜ್ಜಿ ಮಂಚದ ಮೇಲೆ ಕೂತಿದ್ದರು. ‘ಏನಾತು ಡಾಕ್ಟರವ್ವ?’ ಅಂದರು. ನಾನು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಕೇಳಿದರು. ಈ ಹುಡುಗಿ ಏನು ಹೇಳಿಬಿಡುತ್ತಾಳೋ, ಶಿವನೇ!

‘ನನಗೇನೂ ಇಲ್ಲಂತ,’ ಅಂತ ಅವಳು ಅಂದಳು. ‘ರಕ್ತಕ್ಕ ಅಡ್ಡಿ ಇಲ್ಲ. ಅಡ್ಡಿ ನನಗೈತಿ. ನಾ ಒಲ್ಲೆ.’

ಓಣಿಗೆ ಕೇಳುವಷ್ಟು ಗಟ್ಟಿಯಾಗಿತ್ತು ದನಿ. ಅಜ್ಜಿ ಬೆಚ್ಚಿ ಆ ಕಡೆ ತಿರುಗಿದರು.

‘ಯಾರದು ಮಾತಾಡಿದ್ದು?’

‘ನಾನಜ್ಜಿ.’

‘ನೀನಾ?’

‘ಹೌದು, ನಾನ. ಅಜ್ಜಿ, ನಿನ್ನ ಕೈ ನಾ ಬಿಡಂಗಿಲ್ಲ. ಬಚ್ಚಲಕ್ಕೂ ಕರ್ಕೊಂಡು ಹೋಗ್ತೀನಿ, ತ್ವಾಟಕ್ಕೂ ಕರ್ಕೊಂಡು ಹೋಗ್ತೀನಿ. ಮೊಮ್ಮಗಳಾಗಿ ಹೋಗ್ತೀನಿ. ಸೊಸಿ ಆಗಾಕ ಮಾತ್ರ ನನ್ನ ಕೈಲೆ ಆಗಂಗಿಲ್ಲ.’

ಅವಳ ಅವ್ವ, ‘ಏಯ್, ಬಾಯಿ ಮುಚ್ಚಲೇ’ ಅಂತ ಎದ್ದಳು. ಅಜ್ಜಿ ಕೈಯೆತ್ತಿ ಅವಳನ್ನು ತಡೆದರು. ಆಮೇಲೆ ಮಗನಿದ್ದ ಕಡೆ ಮುಖ ಮಾಡಿದರು. ‘ನೀ ಏನಂತಿಯೋ?’

ಅವನು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ‘ನಾ ಏನನ್ಲೆವ್ವ? ಎತ್ತಾಡಿಸಿದ ಕೂಸು ಅದು. ನೀ ಅಂದಿ ಅಂತ ಸುಮ್ನಿದ್ದೆ.’

‘ಅಯ್ಯ, ನಿಮ್ಮ ಬಾಯಿಗೆ ಮಣ್ಣ್ ಹಾಕ್ಲಿ!’ ಅಜ್ಜಿ ಮಂಚಕ್ಕೆ ಕೈ ಬಡಿದರು. ‘ಇಬ್ರೂ ಒಲ್ಲದ ಲಗ್ನಕ್ಕ ಆ ಡಾಕ್ಟರವ್ವನ್ನ ಅಷ್ಟ್ ದೂರದಿಂದ ಕರಸಬೇಕಾಗಿತ್ತೇನು? ನನ್ನ ಮುಂದ ಒಂದು ಮಾತು ಹೇಳಾಕ ಏನಾಗಿತ್ತು?’

‘ನೀ ಕೇಳಿದ್ದ್ಯಾವಾಗಜ್ಜಿ?’ ಅಂದಳು ಹುಡುಗಿ.

ಅಜ್ಜಿ ಬೈಯುತ್ತಾರೆ, ಇಲ್ಲವೆ ಅಳುತ್ತಾರೆ ಅಂದುಕೊಂಡೆ. ಅವರು ಎರಡೂ ಮಾಡಲಿಲ್ಲ. ಕೈ ಚಾಚಿ ಮೊಮ್ಮಗಳನ್ನು ಹತ್ತಿರ ಕರೆದರು, ಮಂಚದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅವಳ ತಲೆಯ ಮೇಲೆ, ಹೆಗಲ ಮೇಲೆ ಕೈಯಾಡಿಸಿದರು. ಸಣ್ಣ ದನಿಯಲ್ಲಿ, ಮಗ ಮಗಳು ಇಬ್ಬರೂ ಅಲ್ಲೇ ಇದ್ದಾರೆ ಅನ್ನುವುದನ್ನೂ ಮರೆತವರಂತೆ ಹೇಳಿದರು:

‘ನನ್ನನ್ನೂ ಮಾವಗ ಕೊಟ್ರವ್ವ. ಆಗ ಯಾರಾದ್ರೂ ಕೇಳಿದ್ದಿದ್ರ, ನಾನೂ ಒಲ್ಲೆ ಅಂತಿದ್ದೆ.’